ಸೆಕೆ ಅಂತಲೇ ಅಂದುಕೊಂಡಿದ್ದೆ

ನಮ್ಮ ಉಡುಪಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಒಬ್ಬಳು ಹೆಂಗಸು ಬೆವರಿದರೆ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರೂ ಬೆವರುತ್ತಿರುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಬೆವರುತ್ತಾನೆ, ದೇವಸ್ಥಾನದಲ್ಲಿ ಭಟ್ಟರು ಬೆವರುತ್ತಾರೆ, ಮದುವೆ ಹಾಲ್‌ನಲ್ಲಿ ಮದುಮಗಳ ಮೇಕಪ್ಪೂ ಬೆವರುತ್ತದೆ. ಎದುರಾದವರ ಮೊದಲ ಮಾತೇ "ಎಂತ ಸೆಕೆ ಮಾರಾಯ್ರೆ!" ಹಾಗಾಗಿ ನನ್ನೊಳಗೆ ಬೇರೊಂದು ಸೆಕೆ ಶುರುವಾದದ್ದು ನನಗೇ ಗೊತ್ತಾಗಲಿಲ್ಲ.

ನಾನು ಕೆಲಸ ಮಾಡುವುದು ಒಂದು ಸಹಕಾರಿ ಸೊಸೈಟಿಯಲ್ಲಿ, ಸಾಲದ ಕೌಂಟರಿನಲ್ಲಿ. ಆಗ ನನಗೆ 48. ಯಾರದ್ದೋ ಬಡ್ಡಿ ಲೆಕ್ಕ ಹಾಕುತ್ತಾ ಇರುವಾಗ ಎದೆಯಿಂದ ಒಂದು ಬಿಸಿ ಮೇಲೆ ಹತ್ತುತ್ತಿತ್ತು. ಕುತ್ತಿಗೆ, ಕೆನ್ನೆ, ಕಿವಿ. ಎರಡು ಮೂರು ನಿಮಿಷ. ಆಮೇಲೆ ಬೆನ್ನಿನ ಬೆವರು ತಣ್ಣಗಾಗಿ ಸಣ್ಣಗೆ ಚಳಿ. ಫ್ಯಾನಿನ ಗಾಳಿ ಸಾಲದು ಅಂತ ಮ್ಯಾನೇಜರರ ಹತ್ತಿರ ಗಲಾಟೆ ಮಾಡಿ ಕೆಪಾಸಿಟರ್ ಬದಲಾಯಿಸಿದೆ. ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡೆ. ಗಿರಾಕಿಗಳ ಪಾಸ್‌ಬುಕ್ಕಿನಿಂದಲೇ ಗಾಳಿ ಹಾಕಿಕೊಂಡದ್ದೂ ಉಂಟು.

ಪತ್ತನಾಜೆ ಕಳೆಯಿತು. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದವು. ಜೂನಿನಲ್ಲಿ ಮಳೆ ಹಿಡಿಯಿತು. ಸೊಸೈಟಿಯಲ್ಲಿ ಉಳಿದವರು ಕಿಟಕಿ ಮುಚ್ಚುತ್ತಿದ್ದರು, ನಾನು ತೆರೆಯುತ್ತಿದ್ದೆ. ಜುಲೈಯ ಒಂದು ರಾತ್ರಿ ಎರಡು ಗಂಟೆ. ಹೊರಗೆ ಧೋ ಅಂತ ಮಳೆ. ಪಕ್ಕದಲ್ಲಿ ಇವರು ಕಂಬಳಿ ಹೊದ್ದು ಮಲಗಿದ್ದಾರೆ. ನಾನು ನೈಟಿ ಪೂರ್ತಿ ಒದ್ದೆಯಾಗಿ ಎದ್ದು ಕೂತಿದ್ದೇನೆ. ಆಗ ಹೊಳೆಯಿತು, ಇದು ಊರಿನ ಸೆಕೆ ಅಲ್ಲ, ಮುಟ್ಟು ನಿಲ್ಲುವ ಹೊತ್ತಿನ ಸೆಕೆ.

ಮರುದಿನ ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಈಗ 78. ಎಲ್ಲ ಕೇಳಿಸಿಕೊಂಡು, "ನನಗೂ ಹೀಗೇ ಆಗುತ್ತಿತ್ತು. ರಾತ್ರಿ ಚಾವಡಿಗೆ ಬಂದು ಬರಿ ನೆಲದಲ್ಲಿ ಮಲಗುತ್ತಿದ್ದೆ. ನಿನ್ನ ಅಜ್ಜಿ ಕೇಳಿದರೆ ಸೊಂಟನೋವು ಅಂತ ಹೇಳುತ್ತಿದ್ದೆ" ಅಂದಳು. "ಅಜ್ಜಿಗೂ ಆಗಿರಬೇಕಲ್ಲ ಅಮ್ಮ, ಅವರ ಹತ್ತಿರವೇ ಹೇಳಬಹುದಿತ್ತಲ್ಲ?" ಅಂದೆ. "ಅದನ್ನೆಲ್ಲ ಹೇಳುವುದುಂಟಾ?" ಅಂದಳು. ಮಗಳು ಮೈನೆರೆದರೆ ಆರತಿ ಮಾಡಿ ಊಟ ಹಾಕಿಸುತ್ತಿದ್ದ ಮನೆ ಅದು. ಮುಟ್ಟು ನಿಂತಾಗ ಮಾತ್ರ ಸೊಂಟನೋವು.

ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಮುಟ್ಟು ನಿಂತಿತು ಅಂತ ಲೆಕ್ಕ. ಪಶ್ಚಿಮದ ದೇಶಗಳಲ್ಲಿ ಇದು ಸರಾಸರಿ 51ರ ಹೊತ್ತಿಗೆ ಆಗುತ್ತದೆ, ನಮ್ಮ ದೇಶದಲ್ಲಿ ಸುಮಾರು 46-47ಕ್ಕೇ. ಅಂಡಾಶಯ ಈಸ್ಟ್ರೋಜನ್ ಎಂಬ ಹಾರ್ಮೋನ್ ಮಾಡುವುದನ್ನು ನಿಲ್ಲಿಸುತ್ತಾ ಬರುತ್ತದೆ. ಮೆದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳುವ ಒಂದು ಜಾಗ ಉಂಟು. ಅದು ಈಸ್ಟ್ರೋಜನ್ ಇಲ್ಲದೆ ಸಿಡುಕ ಆಗುತ್ತದೆ. ಸ್ವಲ್ಪ ಬಿಸಿ ಹೆಚ್ಚಾದರೂ ಮನೆಗೆ ಬೆಂಕಿ ಬಿದ್ದ ಹಾಗೆ ಬೊಬ್ಬೆ ಹಾಕಿ ಬೆವರು ಬರಿಸುತ್ತದೆ. ವರ್ಷ ಆರು ತಿಂಗಳಲ್ಲಿ ಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅಮೆರಿಕದಲ್ಲಿ 1996ರಿಂದ ಸಾವಿರಾರು ಹೆಂಗಸರನ್ನು ವರ್ಷ ವರ್ಷ ನೋಡುತ್ತಾ ಬಂದ 'ಸ್ವಾನ್' ಎಂಬ ಅಧ್ಯಯನ ಇದೆ. ಅದರ ಪ್ರಕಾರ ಜಾಸ್ತಿ ಸೆಕೆಯ ಕಾಟ ಇದ್ದವರಲ್ಲಿ ಅದು ಉಳಿಯುವ ಮಧ್ಯದ ಅವಧಿ 7.4 ವರ್ಷ, ಅಂದರೆ ಅರ್ಧ ಮಂದಿಗೆ ಅದಕ್ಕಿಂತಲೂ ಜಾಸ್ತಿ. ಏಳು ಬೇಸಿಗೆ!

ಹೆಂಗಸರ ಡಾಕ್ಟ್ರ ಹತ್ತಿರ ಹೋದೆ. ಅವರು ಹಾರ್ಮೋನ್ ಚಿಕಿತ್ಸೆ ಅಂತ ಒಂದು ದಾರಿ ಉಂಟು, ಯೋಚನೆ ಮಾಡಿ ಬನ್ನಿ ಅಂದರು. ಯೋಚನೆ ಮಾಡಲಿಕ್ಕೆ ಬಿಟ್ಟರಲ್ಲವಾ ನಮ್ಮವರು? ನಾದಿನಿ, "ಅಯ್ಯೋ ಅತ್ತಿಗೆ, ಹಾರ್ಮೋನ್ ತಗೊಂಡರೆ ಹಾರ್ಟ್ ಅಟ್ಯಾಕ್ ಆಗುತ್ತದಂತೆ, ಕ್ಯಾನ್ಸರೂ ಬರುತ್ತದಂತೆ" ಅಂದಳು. ಮಸ್ಕತ್‌ನಲ್ಲಿರುವ ಚಿಕ್ಕಮ್ಮನ ಮಗಳು, "ಇಲ್ಲಿ ನನ್ನ ಫ್ರೆಂಡ್ಸ್ ಎಲ್ಲ ತಗೊಳ್ಳುತ್ತಾರೆ, ಹಾರ್ಟಿಗೆ ಒಳ್ಳೇದಂತೆ" ಅಂತ ವಾಯ್ಸ್ ಮೆಸೇಜ್ ಕಳಿಸಿದಳು. ಒಂದೇ ಮದ್ದು, ಒಂದೇ ಹೃದಯ. ಒಬ್ಬಳಿಗೆ ವಿಷ, ಒಬ್ಬಳಿಗೆ ಅಮೃತ. ನಾನು ಎರಡನ್ನೂ ಪಕ್ಕಕ್ಕಿಟ್ಟು ಸುಮ್ನೆ ಇದ್ದೆ. ಅಷ್ಟರಲ್ಲಿ ಅಕ್ಕನದ್ದು ಆಯಿತು.

ಅಕ್ಕ ಕಾರ್ಕಳದಲ್ಲಿರುವುದು. ನನಗಿಂತ ಐದು ವರ್ಷ ದೊಡ್ಡವಳು. ಅವಳಿಗೆ 39 ಆಗುವಾಗ ಗರ್ಭಕೋಶದಲ್ಲಿ ಗಡ್ಡೆ ಇತ್ತು, ಮುಟ್ಟಿನಲ್ಲಿ ರಕ್ತ ಹೋಗುವುದು ನಿಲ್ಲುತ್ತಿರಲಿಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ "ಇಬ್ಬರು ಮಕ್ಕಳಿದ್ದಾರಲ್ಲ, ಇನ್ನು ಯಾಕೆ ಅದು, ತೆಗೆಸಿಬಿಡುವಾ" ಅಂದರು. ತೆಗೆಸಿದಳು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ ನಮಗೆ ಗೊತ್ತಾದದ್ದು ಹದಿನೈದು ವರ್ಷ ಆದ ಮೇಲೆ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ನಾವು ಯಾರೂ ಓದಿರಲಿಲ್ಲ. ಆಗ ಅವಳಿಗೆ "ರಗಳೆ ಮುಗಿಯಿತು" ಅಂತ ಖುಷಿ. ನಾವೂ ಅದನ್ನೇ ಹೇಳಿದ್ದು. ಪ್ಯಾಡ್ ಖರ್ಚು ಉಳಿಯಿತು ಅಂತ ತಮಾಷೆಯನ್ನೂ ಮಾಡಿದ್ದೆವು.

ಗರ್ಭಕೋಶ ತೆಗೆಸುವುದು ನಮ್ಮಲ್ಲಿ ಅಪರೂಪ ಏನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ಪ್ರಾಯದ ನೂರು ಹೆಂಗಸರಲ್ಲಿ ಮೂವರಿಗಿಂತ ಸ್ವಲ್ಪ ಜಾಸ್ತಿ ಮಂದಿ ತೆಗೆಸಿಕೊಂಡಿದ್ದಾರೆ. ಇದರಲ್ಲಿ ಬೇಕಾಗಿಯೇ ತೆಗೆದದ್ದು ಇರುತ್ತದೆ. ಅಕ್ಕನ ಗಡ್ಡೆಯೂ ಸುಳ್ಳಲ್ಲ. ಆದರೆ ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವುದು ಮೆಲ್ಲ ಮೆಲ್ಲನೆ ಅಲ್ಲ. ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷದ ಹಾದಿ ದಾಟಿಬಿಡುತ್ತದೆ ದೇಹ. ನಲವತ್ತೈದಕ್ಕಿಂತ ಮೊದಲು ಹೀಗಾದವರಲ್ಲಿ ಹೃದಯದ ಕಾಯಿಲೆ, ಮೂಳೆ ಸವೆತ ಎರಡೂ ಜಾಸ್ತಿ ಅಂತ ಮತ್ತೆ ಮತ್ತೆ ಕಂಡಿದೆ. ಅಂಥವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ಪ್ರಾಯದವರೆಗಾದರೂ ಹಾರ್ಮೋನ್ ಕೊಡಬೇಕು ಅಂತ ವೈದ್ಯರ ಸಂಘಗಳು ಹೇಳುತ್ತವೆ. ಹಾರ್ಮೋನ್ ಬಗ್ಗೆ ಇರುವ ಜಗಳಗಳಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಪ್ಪುವ ಮಾತು ಇದೊಂದೇ. ಅಕ್ಕನಿಗೆ ಕೊಟ್ಟದ್ದು ಕಬ್ಬಿಣದ ಮಾತ್ರೆ.

54ಕ್ಕೆ ಆದದ್ದು ಹೀಗೆ. ಒಂದು ಸಂಜೆ ಬೆನ್ನಿನ ಮೇಲ್ಭಾಗ ನೋವು, ದವಡೆ ಬಿಗಿ, ವಾಕರಿಕೆ, ತುಂಬಾ ಸುಸ್ತು. ಎದೆ ಹಿಡಿದುಕೊಂಡು ಬೀಳಲಿಲ್ಲ. ಸಿನಿಮಾದಲ್ಲಿ ಗಂಡಸರು ಬೀಳುತ್ತಾರಲ್ಲ, ಹಾಗೆ ಏನೂ ಇಲ್ಲ. ಮಧ್ಯಾಹ್ನ ತಿಂದ ಗೋಳಿಬಜೆಯ ಮೇಲೆ ತಪ್ಪು ಹೊರಿಸಿ ಜೀರಿಗೆ ಕಷಾಯ ಕುಡಿದಳು. ಪುನರ್ಪುಳಿ ಸಾರು ಕುಡಿದಳು. ಭಾವ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ಮಾಡಲಿಲ್ಲ. ಭಾವನಿಗೇ ಅದೇ ನೋವು ಬಂದಿದ್ದರೆ ಮಾಡುತ್ತಿದ್ದರಾ? ನನಗೆ ಇವತ್ತಿಗೂ ಆ ಪ್ರಶ್ನೆ ಉಂಟು. ಬೆಳಗ್ಗೆ ಬೇರೆ ಕಡೆ ಇಸಿಜಿ ಮಾಡಿದಾಗ ಅಲ್ಲಿಂದಲೇ ಆಂಬುಲೆನ್ಸ್. ಮಣಿಪಾಲದಲ್ಲಿ ಒಂದು ಸ್ಟೆಂಟ್. ಬದುಕಿದಳು. ಆದರೆ ಹೃದಯದ ಒಂದು ಭಾಗ ಆ ರಾತ್ರಿಯೇ ಸೋತಿತ್ತು.

ಇಸಿಜಿ ಅಂದಾಗ ಒಂದು ಮಾತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಕೆಲವು ವರ್ಷಗಳಿಂದ ಹಳ್ಳಿ ಕಡೆಯ ಕ್ಲಿನಿಕ್ಕುಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಂದ ವಾಟ್ಸಾಪ್‌ನಲ್ಲಿ ಬಂದ ಗೀಟುಗಳನ್ನು ತಜ್ಞರು ಕೂಡಲೇ ಓದಿ ಹೇಳುವ ವ್ಯವಸ್ಥೆ ಮಾಡಿದ್ದಾರೆ. ಒಳ್ಳೆ ಕೆಲಸ. ಆದರೆ ಯಂತ್ರ ಇದ್ದರೂ ಹೆಂಗಸಿನ ವಾಕರಿಕೆಗೆ ಅದನ್ನು ಹಚ್ಚಬೇಕು ಅಂತ ಯಾರಿಗಾದರೂ ಅನ್ನಿಸಬೇಕಲ್ಲ.

ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ನಾನು ಒಂದು ವಿಷಯ ಗಮನಿಸಿದೆ. ಎಷ್ಟೋ ಮಂದಿ ಬಂದು ಅಕ್ಕನ ಚರಿತ್ರೆ ಬರೆದುಕೊಂಡರು. ಶುಗರ್ ಉಂಟಾ? ಇತ್ತು. ಬಿಪಿ? ಇತ್ತು. ಬೀಡಿ ಸಿಗರೇಟು? ಇಲ್ಲ. ಮನೆಯಲ್ಲಿ ಯಾರಿಗಾದರೂ? ಅಪ್ಪನಿಗೆ. "ಮುಟ್ಟು ನಿಂತದ್ದು ಯಾವಾಗ?" ಅಂತ ಒಬ್ಬರೂ ಕೇಳಲಿಲ್ಲ. ಬಸುರಿಯಲ್ಲಿ ಬಿಪಿ ಏರಿತ್ತಾ ಅಂತಲೂ ಕೇಳಲಿಲ್ಲ. ಏರಿತ್ತು, ಎರಡನೆಯ ಮಗುವಿಗೆ. ಅದೂ ಮುಂದೆ ಹೃದಯಕ್ಕೆ ತೊಂದರೆಯ ಸೂಚನೆ ಅಂತ ನಾನು ಆಮೇಲೆ ಓದಿದ್ದು. ಹೆಂಗಸರ ಡಾಕ್ಟ್ರು ಹೊಕ್ಕುಳಿನ ಕೆಳಗೆ, ಹಾರ್ಟ್ ಡಾಕ್ಟ್ರು ಮೇಲೆ. ನಡುವೆ ಗಡಿಕಲ್ಲು ಹಾಕಿದ ಹಾಗೆ.

ಅಂಡಾಶಯ ತೆಗೆದದ್ದರಿಂದಲೇ ಅಕ್ಕನಿಗೆ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಶುಗರ್ ಇತ್ತು, ಅಪ್ಪನ ಬಳುವಳಿ ಇತ್ತು. ಆದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ಸಾಲಕ್ಕೆ ಬಂದವನ ಒಂದು ಹಳೆ ಸಾಲವನ್ನು ನಾನು ಬರೆಯದೆ ಬಿಟ್ಟರೆ ಆಡಿಟಿನಲ್ಲಿ ನನ್ನನ್ನು ಬಿಡುತ್ತಾರಾ?

ಆ ಬೆಂಚಿನಲ್ಲೇ ನಾನು ಓದಲು ಶುರು ಮಾಡಿದ್ದು. ಮೊಬೈಲಿನಲ್ಲಿ, ಆಮೇಲೆ ಮಗನ ಲ್ಯಾಪ್‌ಟಾಪಿನಲ್ಲಿ.

ಕಥೆ ಹಳೆಯದು. 1942ರಲ್ಲಿ ಅಮೆರಿಕದಲ್ಲಿ ಪ್ರೆಮರಿನ್ ಎಂಬ ಈಸ್ಟ್ರೋಜನ್ ಮಾತ್ರೆ ಬಂತು. ಮಾಡುವುದು ಗಬ್ಬದ ಕುದುರೆಯ ಮೂತ್ರದಿಂದ. ಹೆಸರೇ ಅದರಿಂದ ಬಂದದ್ದು. (ಅಕ್ಕನಿಗೆ ಇದನ್ನು ಹೇಳಿದಾಗ "ಥೂ" ಅಂದಳು. ಈಗ ಬಳಕೆಯಲ್ಲಿರುವ ಎಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ನನ್ನು ಹೆಚ್ಚಾಗಿ ಸೋಯಾ, ಕಾಡುಗೆಣಸಿನಂಥ ಗಿಡಗಳ ಸತ್ತ್ವದಿಂದ ಮಾಡುತ್ತಾರೆ ಅಂತ ಹೇಳಿ ಸಮಾಧಾನ ಮಾಡಿದೆ.) 1960ರ ದಶಕದಲ್ಲಿ ಇದನ್ನು ತಿಂದರೆ ಹೆಂಗಸು ಯಾವಾಗಲೂ ಹರೆಯದವಳು ಅನ್ನುವ ಪ್ರಚಾರ ನಡೆಯಿತು. 1975ರಲ್ಲಿ ಗೊತ್ತಾಯಿತು, ಗರ್ಭಕೋಶ ಇರುವವರು ಬರಿ ಈಸ್ಟ್ರೋಜನ್ ತಗೊಂಡರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಜಾಸ್ತಿ. ಅಲ್ಲಿಂದ ಜೊತೆಗೆ ಪ್ರೊಜೆಸ್ಟರೋನ್ ಜಾತಿಯ ಇನ್ನೊಂದು ಹಾರ್ಮೋನನ್ನು ಸೇರಿಸಲು ಶುರು ಮಾಡಿದರು.

ಹೃದಯ ಎಲ್ಲಿಂದ ಬಂತು ಇದಕ್ಕೆ? ಮುಟ್ಟು ಇರುವವರೆಗೆ ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಗಂಡಸರಿಗಿಂತ ಕಡಿಮೆ, ನಿಂತ ಮೇಲೆ ಏರುತ್ತದೆ. ಅಂದರೆ ಈಸ್ಟ್ರೋಜನ್ನೇ ಕಾಯುತ್ತಿದೆ ಅಂತ ಲೆಕ್ಕ ಹಾಕಿದರು. ಪೂರ್ತಿ ತಪ್ಪೂ ಅಲ್ಲ. ಈಸ್ಟ್ರೋಜನ್ ರಕ್ತನಾಳ ಸಡಿಲವಾಗಿರಲು ಸಹಾಯ ಮಾಡುತ್ತದೆ. ಅದೇ ಸ್ವಾನ್ ಅಧ್ಯಯನದಲ್ಲಿ ಕೊನೆಯ ಮುಟ್ಟಿನ ಆಚೀಚೆ ಒಂದು ವರ್ಷದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಒಮ್ಮೆಲೇ ಜಿಗಿಯುವುದು ಕಂಡಿತ್ತು. ಹೊಟ್ಟೆಯ ಸುತ್ತ ಬೊಜ್ಜು ಕೂರುವುದೂ ಆಗಲೇ. "ತುಪ್ಪ ಜಾಸ್ತಿ ತಿಂದೆ" ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ತುಪ್ಪದ ಪಾಲೂ ಉಂಟು, ಇಲ್ಲ ಅನ್ನುವುದಿಲ್ಲ.

ತಮಾಷೆ ಎಂದರೆ ಆ ಕಾಲದಲ್ಲಿ ಗಂಡಸರಿಗೂ ಈಸ್ಟ್ರೋಜನ್ ಕೊಟ್ಟು ನೋಡಿದ್ದರು! ಮೊದಲೇ ಹಾರ್ಟ್ ಅಟ್ಯಾಕ್ ಆದ ಗಂಡಸರ ಮೇಲೆ ಅಮೆರಿಕದಲ್ಲಿ ದೊಡ್ಡ ಪರೀಕ್ಷೆ. ಜಾಸ್ತಿ ಡೋಸಿನದ್ದನ್ನು 1970ರಲ್ಲಿ ನಿಲ್ಲಿಸಿದರು, ಕಡಿಮೆ ಡೋಸಿನದ್ದನ್ನು 1973ರಲ್ಲಿ. ಒಳ್ಳೆಯದಾಗುವ ಬದಲು ತೊಂದರೆಯೇ ಆಗುತ್ತಿತ್ತು.

ಹೆಂಗಸರ ವಿಷಯದಲ್ಲಿ ಮಾತ್ರ ನಂಬಿಕೆ ಬೆಳೆಯುತ್ತಾ ಹೋಯಿತು. ಅಮೆರಿಕದ ನರ್ಸುಗಳನ್ನು 1976ರಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ ಹಾರ್ಮೋನ್ ತಗೊಳ್ಳುವವರಿಗೆ ಹೃದಯದ ಕಾಯಿಲೆ ಸುಮಾರು ಅರ್ಧದಷ್ಟೇ ಕಂಡಿತು. ಇಲ್ಲಿ ಒಂದು ಮೋಸ ಉಂಟು, ಅಜ್ಜರಕಾಡಿನ ಭುಜಂಗ ಪಾರ್ಕಿಗೆ ಬಂದರೆ ತೋರಿಸುತ್ತೇನೆ. ಬೆಳಗ್ಗೆ ಅಲ್ಲಿ ವಾಕಿಂಗ್ ಬರುವವರ ಶೂ ನೋಡಿ. ಒಳ್ಳೆ ಕಂಪನಿಯದ್ದು. ಅವರ ಆರೋಗ್ಯವೂ ಒಳ್ಳೆಯದೇ. ಹಾಗಂತ ಶೂವಿನಿಂದ ಆರೋಗ್ಯ ಬಂತು ಅನ್ನಲಾಗುತ್ತದಾ? ದುಡ್ಡಿದೆ, ಸಮಯ ಇದೆ, ಡಾಕ್ಟ್ರ ಹತ್ತಿರ ಹೋಗುವ ಅಭ್ಯಾಸ ಇದೆ. ಹಾರ್ಮೋನ್ ತಗೊಳ್ಳುತ್ತಿದ್ದ ಹೆಂಗಸರೂ ಬಹಳಷ್ಟು ಹಾಗೆಯೇ.

ಇದನ್ನು ಬಿಡಿಸಲು ಒಂದೇ ದಾರಿ, ಚೀಟಿ ಎತ್ತಿದ ಹಾಗೆ ಅರ್ಧ ಮಂದಿಗೆ ಮದ್ದು, ಅರ್ಧ ಮಂದಿಗೆ ಮದ್ದಿನ ಹಾಗೆ ಕಾಣುವ ಸಪ್ಪೆ ಮಾತ್ರೆ ಕೊಡುವುದು. 1998ರಲ್ಲಿ 'ಹರ್ಸ್' ಪರೀಕ್ಷೆಯ ಫಲ ಬಂತು. ಮೊದಲೇ ಹೃದಯದ ಕಾಯಿಲೆ ಇದ್ದ 2,763 ಹೆಂಗಸರು. ಒಟ್ಟಾರೆ ಲಾಭ ಇಲ್ಲ, ಮೊದಲ ವರ್ಷದಲ್ಲಂತೂ ತೊಂದರೆ ಜಾಸ್ತಿ. ಆಮೇಲೆ 2002ರ ಜುಲೈ. 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ದೊಡ್ಡ ಪರೀಕ್ಷೆಯಲ್ಲಿ ಎರಡೂ ಹಾರ್ಮೋನ್ ಸೇರಿದ ಮಾತ್ರೆಯನ್ನು ಪರೀಕ್ಷಿಸಿದ, 16,608 ಹೆಂಗಸರಿದ್ದ ಭಾಗವನ್ನು ಐದು ವರ್ಷ ಚಿಲ್ಲರೆಗೇ ನಿಲ್ಲಿಸಿಬಿಟ್ಟರು. ಹೃದಯದ ಕಾಯಿಲೆ ಶೇಕಡಾ 29 ಜಾಸ್ತಿ, ಸ್ತನ ಕ್ಯಾನ್ಸರ್ ಶೇಕಡಾ 26 ಜಾಸ್ತಿ, ಪಾರ್ಶ್ವವಾಯು ಶೇಕಡಾ 41 ಜಾಸ್ತಿ. ಲೋಕವೆಲ್ಲ ಬೆಚ್ಚಿತು. ಹೆಂಗಸರು ಮಾತ್ರೆ ಬಿಸಾಡಿದರು, ಡಾಕ್ಟ್ರುಗಳು ಬರೆಯುವುದು ಬಿಟ್ಟರು. ನನ್ನ ನಾದಿನಿ ಹೇಳಿದ್ದು ಆ ಬೆಚ್ಚುವಿಕೆಯ ಕೊನೆಯ ಅಲೆ, ಇಪ್ಪತ್ತು ವರ್ಷ ತಡವಾಗಿ ಮಲ್ಪೆ ಕಡಲಿಗೆ ಬಂದು ತಾಗಿದ್ದು.

ಸಾಲದ ಕೌಂಟರಿನಲ್ಲಿ ಕೂತು ಕೂತು ನನಗೊಂದು ಚಾಳಿ. ಯಾರಾದರೂ ಶೇಕಡಾ ಅಂದ ಕೂಡಲೇ "ಅಸಲು ಎಷ್ಟು?" ಅಂತ ಬಾಯಿಗೆ ಬರುತ್ತದೆ. ಅಸಲು ನೋಡಿದೆ. ಸಪ್ಪೆ ಮಾತ್ರೆ ತಿಂದ 10,000 ಹೆಂಗಸರಲ್ಲಿ ವರ್ಷಕ್ಕೆ 30 ಮಂದಿಗೆ ಹೃದಯದ ಕಾಯಿಲೆ. ಹಾರ್ಮೋನ್ ತಿಂದವರಲ್ಲಿ 37. ಹೆಚ್ಚಾದದ್ದು ಏಳು. ಸ್ತನ ಕ್ಯಾನ್ಸರ್ 30 ಇದ್ದದ್ದು 38. ಪಾರ್ಶ್ವವಾಯು 21 ಇದ್ದದ್ದು 29. ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗುವುದು 8 ಇದ್ದದ್ದು 16. ಇನ್ನೊಂದು ಕಡೆ ಸೊಂಟದ ಮೂಳೆ ಮುರಿತ 5 ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ 6 ಕಡಿಮೆ. ಏಳು ಅಂದರೆ ಏನೂ ಅಲ್ಲ ಅಂತ ನಾನು ಹೇಳುವುದಿಲ್ಲ. ಆ ಏಳರಲ್ಲಿ ಒಬ್ಬಳು ನಮ್ಮ ಅಕ್ಕ ಆಗಬಹುದು, ಮತ್ತೆ ಇದು ವರ್ಷ ವರ್ಷದ ಲೆಕ್ಕ. ಆದರೆ ಶೇಕಡಾ 29 ಅಂತ ಕೇಳಿದಾಗ ನಾನು ಮನಸ್ಸಿನಲ್ಲಿ ಕಂಡದ್ದು ಮೂವರಲ್ಲಿ ಒಬ್ಬಳು ಬೀಳುವುದನ್ನು. ಅದು ಅಲ್ಲವೇ ಅಲ್ಲ.

ಎರಡನೆಯ ಪ್ರಶ್ನೆ ಪ್ರಾಯದ್ದು. ಆ ಹೆಂಗಸರ ಸರಾಸರಿ ಪ್ರಾಯ 63. ಅಂದರೆ ಮುಟ್ಟು ನಿಂತು ಎಷ್ಟೋ ವರ್ಷ ಆದವರೇ ಬಹಳ. ಅದೇ ಲೆಕ್ಕವನ್ನು 2007ರಲ್ಲಿ ಮತ್ತೆ ಬಿಡಿಸಿ ನೋಡಿದಾಗ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದವರಲ್ಲಿ ಹೃದಯದ ತೊಂದರೆ ಹೆಚ್ಚಾಗಿರಲಿಲ್ಲ. ಇಪ್ಪತ್ತು ವರ್ಷ ದಾಟಿ ಶುರು ಮಾಡಿದವರಲ್ಲಿ ಹೆಚ್ಚಾಗಿತ್ತು. ಗರ್ಭಕೋಶ ತೆಗೆದಿದ್ದ 10,739 ಮಂದಿಯಲ್ಲಿ ಬರಿ ಈಸ್ಟ್ರೋಜನನ್ನು ಪರೀಕ್ಷಿಸಿದ ಭಾಗ 2004ರಲ್ಲಿ ನಿಂತಿತು. ಅಲ್ಲಿ ಪಾರ್ಶ್ವವಾಯು ಜಾಸ್ತಿ ಆಗಿತ್ತು. ಹೃದಯದ ಕಾಯಿಲೆ ಹೆಚ್ಚಿರಲಿಲ್ಲ, ಸ್ತನ ಕ್ಯಾನ್ಸರೂ ಹೆಚ್ಚಿರಲಿಲ್ಲ. 18 ವರ್ಷ ಹಿಂಬಾಲಿಸಿ 2017ರಲ್ಲಿ ಹೇಳಿದ್ದು, ಒಟ್ಟು ಸಾವಿನಲ್ಲಿ ಹಾರ್ಮೋನ್ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಇಲ್ಲ.

ನನ್ನ ಡಾಕ್ಟ್ರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕು, ನಮ್ಮ ಕಿಟಕಿಯ ಸರಳಿನ ಉದಾಹರಣೆ ಕೊಟ್ಟರು. ಕಡಲಿನ ಉಪ್ಪುಗಾಳಿಗೆ ಸರಳು ತುಕ್ಕು ಹಿಡಿಯುವ ಮೊದಲು ಪೇಂಟ್ ಹೊಡೆದರೆ ನಿಲ್ಲುತ್ತದೆ. ತುಕ್ಕಿನ ಮೇಲೆ ಹೊಡೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ರಕ್ತನಾಳದ ಗೋಡೆಯೂ ಹಾಗೆ. 2016ರ 'ಎಲೈಟ್' ಎಂಬ ಪರೀಕ್ಷೆಯಲ್ಲಿ ಮುಟ್ಟು ನಿಂತು ಆರು ವರ್ಷದೊಳಗಿನವರಿಗೆ ಈಸ್ಟ್ರೋಜನ್ ಕೊಟ್ಟಾಗ ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪವಾಗುವುದು ನಿಧಾನವಾಯಿತು. ಹತ್ತು ವರ್ಷ ದಾಟಿದವರಲ್ಲಿ ಏನೂ ಆಗಲಿಲ್ಲ. ನನಗೆ ಉದಾಹರಣೆ ತುಂಬಾ ಇಷ್ಟವಾಯಿತು. ಅವರೇ ತಡೆದರು. "ತುಂಬಾ ಇಷ್ಟಪಡಬೇಡಿ. ಗೋಡೆಯ ದಪ್ಪ ಬೇರೆ, ಹಾರ್ಟ್ ಅಟ್ಯಾಕ್ ತಪ್ಪುವುದು ಬೇರೆ. ಇನ್ನೊಂದು ಪರೀಕ್ಷೆಯಲ್ಲಿ ಬೇಗ ಶುರು ಮಾಡಿದವರಲ್ಲೂ ಗೋಡೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸೆಕೆಗೆ ಬೇಕಾದರೆ ಕೊಡುತ್ತೇನೆ. ಹಾರ್ಟಿಗೆ ಅಂತ ಕೊಡುವುದಿಲ್ಲ."

ಆ ಕೊನೆಯ ಮಾತು ನನ್ನ ತಲೆಯ ಗೋಜಲನ್ನು ಬಿಡಿಸಿತು. ನಾದಿನಿಯೂ ಚಿಕ್ಕಮ್ಮನ ಮಗಳೂ ಒಂದೇ ತಪ್ಪು ಪ್ರಶ್ನೆ ಕೇಳುತ್ತಿದ್ದರು. ಹೃದಯಕ್ಕೆ ಒಳ್ಳೆಯದಾ, ಕೆಟ್ಟದ್ದಾ? ಯಾರಿಗೆ, ಯಾವ ಪ್ರಾಯದಲ್ಲಿ, ಯಾವ ದಾರಿಯಲ್ಲಿ ಅಂತ ಕೇಳದೆ ಉತ್ತರವೇ ಇಲ್ಲ. 60ರ ಒಳಗಿನವರು, ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರು, ಸೆಕೆಯಿಂದ ನಿದ್ದೆ ಕೆಟ್ಟವರು, ಬೇರೆ ಅಡ್ಡಿ ಇಲ್ಲದವರು. ಇಂಥವರಿಗೆ ನಷ್ಟಕ್ಕಿಂತ ಲಾಭ ಜಾಸ್ತಿ ಅಂತ ಈಗಿನ ಅಭಿಪ್ರಾಯ. ಸ್ತನ ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ರಕ್ತದ ಹೆಪ್ಪು ಇವುಗಳಲ್ಲಿ ಯಾವುದಾದರೂ ಆದವರಿಗೆ, ಲಿವರ್ ಕಾಯಿಲೆ ಇದ್ದವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದವರಿಗೆ ಬೇಡ. ಅವರ ಸೆಕೆಗೆ ಹಾರ್ಮೋನ್ ಅಲ್ಲದ ಮದ್ದುಗಳೂ ಉಂಟು.

ದಾರಿ ಅಂದದ್ದು ಯಾಕೆಂದರೆ, ನುಂಗಿದ ಈಸ್ಟ್ರೋಜನ್ ಮೊದಲು ಹೋಗುವುದು ಲಿವರಿಗೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್ ಆದರೆ ನೇರ ರಕ್ತಕ್ಕೆ, ಲಿವರಿನ ಬಾಗಿಲು ತಟ್ಟದೆ. ಅದರಿಂದ ಹೆಪ್ಪಿನ ಭಯ ಕಡಿಮೆ ಅಂತ ಅಧ್ಯಯನಗಳು ಹೇಳುತ್ತವೆ. ಚೀಟಿ ಎತ್ತಿ ಮಾಡಿದ ದೊಡ್ಡ ಪರೀಕ್ಷೆಗಳಲ್ಲ ಅವು. ಶೂವಿನ ಕಥೆ ಇಲ್ಲೂ ಸ್ವಲ್ಪ ನೆನಪಿರಲಿ.

2025ರ ನವೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಈ ಮದ್ದುಗಳ ಮೇಲಿದ್ದ ದೊಡ್ಡ ಎಚ್ಚರಿಕೆಯ ಚೌಕಟ್ಟಿನಿಂದ ಹೃದಯ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಯ ಮಾತುಗಳನ್ನು ತೆಗೆಸುವುದಾಗಿ ಹೇಳಿತು. ಕೂಡಲೇ ವಾಟ್ಸಾಪ್ ಮಗ್ಗಲು ಬದಲಿಸಿತು. ಈಗ ನಾದಿನಿಯೇ, "ಅತ್ತಿಗೆ, ಹಾರ್ಟಿಗೆ ಒಳ್ಳೇದಂತೆ, ನಾನೂ ಮೆಡಿಕಲ್‌ನಿಂದ ತರಲಾ?" ಅಂತ ಕೇಳುತ್ತಾಳೆ. ಮಾರಾಯ್ತಿ, ಅವಳಿಗೆ 61! ಬರಿ ಕಾಯಿಲೆ ಬಾರದಿರಲಿ ಅಂತ ಇದನ್ನು ತಗೊಳ್ಳಬೇಡಿ ಅಂತ ಅದೇ ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಹೇಳಿದೆ. ಅದು ಮಾತ್ರ ಫಾರ್ವರ್ಡ್ ಆಗಿ ಬರುವುದಿಲ್ಲ.

ನನ್ನ ಬಿಪಿ ನೋಡಿದರು. ಕೊಲೆಸ್ಟ್ರಾಲ್ ನೋಡಿದರು. ಎರಡು ವರ್ಷದ ಹಿಂದೆ ಸೊಸೈಟಿಯ ಕ್ಯಾಂಪಿನಲ್ಲಿ 118 ಇದ್ದ ಎಲ್‌ಡಿಎಲ್ 149 ಆಗಿತ್ತು. ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಆಯಿತು. ದಿನಾ ತೋಳಿಗೆ ಹಚ್ಚುವ ಜೆಲ್, ರಾತ್ರಿ ಒಂದು ಪ್ರೊಜೆಸ್ಟರೋನ್ ಕ್ಯಾಪ್ಸೂಲ್. ಮೂರು ವಾರದಲ್ಲಿ ಸೆಕೆ ಇಳಿಯಿತು. ನಿದ್ದೆ ಬಂತು ಅನ್ನುವುದು ಎಂಥ ಸುಖ ಅಂತ ನಿದ್ದೆ ಇದ್ದವರಿಗೆ ಗೊತ್ತಾಗುವುದಿಲ್ಲ. ಹೃದಯಕ್ಕೆ ಬೇರೆಯೇ ಖಾತೆ. ಭುಜಂಗ ಪಾರ್ಕಿನಲ್ಲಿ ಬೆಳಗ್ಗೆ ನಲವತ್ತು ನಿಮಿಷ (ಹಳೆ ಚಪ್ಪಲಿಯಲ್ಲೇ). ಒಣಮೀನಿನ ಚಟ್ನಿ, ಉಪ್ಪಿನಕಾಯಿ ವಾರಕ್ಕೊಮ್ಮೆ. ಬಂಗುಡೆ ಹುರಿಯುವ ಬದಲು ಪುಳಿಮುಂಚಿ. ಆರು ತಿಂಗಳಾದ ಮೇಲೂ ಎಲ್‌ಡಿಎಲ್ ಇಳಿಯದಿದ್ದರೆ ಅದಕ್ಕೆ ಮಾತ್ರೆ ಅಂತ ಹೇಳಿದ್ದಾರೆ.

ಅಕ್ಕ ಇದನ್ನೆಲ್ಲ ನೋಡಿ ಒಂದು ದಿನ ಕೇಳಿದಳು, "ಹಾಗಾದರೆ ನಾನೂ ಹಚ್ಚಿಕೊಳ್ಳಬಹುದಾ? ನನಗೆ ಕೊಡಬೇಕಿತ್ತು ಅಂತ ನೀನೇ ಹೇಳುತ್ತೀಯಲ್ಲ." ನನಗೆ ಉತ್ತರ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. 39ಕ್ಕೆ ಕೊಡಬೇಕಿದ್ದದ್ದು 54ಕ್ಕೆ, ಅಟ್ಯಾಕ್ ಆದ ಮೇಲೆ, ಕೊಡುವ ಹಾಗಿಲ್ಲ. "ನಿನಗೆ ಬೇಡ ಅಕ್ಕ, ನಿನ್ನ ಸ್ಟೆಂಟಿನ ಮಾತ್ರೆ, ಕೊಲೆಸ್ಟ್ರಾಲಿನ ಮಾತ್ರೆ ಬಿಡಬೇಡ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನಾವು ಆ ಚೀಟಿ ಓದಬೇಕಿತ್ತು ಅಲ್ವಾ?" ಅಂದಳು.

ಮುಂದಿನ ಸಲ ಮಣಿಪಾಲಕ್ಕೆ ತೋರಿಸಲು ಹೋದಾಗ ನಾನೂ ಒಳಗೆ ಹೋದೆ. ಡಾಕ್ಟ್ರು ಫೈಲ್ ಮುಚ್ಚುವಷ್ಟರಲ್ಲಿ, "ಸರ್, ಇವಳಿಗೆ 39ಕ್ಕೆ ಗರ್ಭಕೋಶ, ಎರಡೂ ಅಂಡಾಶಯ ತೆಗೆದಿದ್ದಾರೆ. ಎರಡನೆಯ ಬಸುರಿಯಲ್ಲಿ ಬಿಪಿ ಏರಿತ್ತು" ಅಂದೆ. ಚಿಕ್ಕ ಪ್ರಾಯದ ಡಾಕ್ಟ್ರು. ಪೆನ್ನಿನ ಕ್ಯಾಪ್ ಮತ್ತೆ ತೆಗೆದು ಎರಡು ಸಾಲು ಬರೆದರು. ಆಮೇಲೆ, "ಮಗಳಿದ್ದಾರಾ ನಿಮಗೆ?" ಅಂತ ಅಕ್ಕನನ್ನು ಕೇಳಿದರು. ಇದ್ದಾಳೆ, 31. ಮೂಳೆಯ ಸ್ಕ್ಯಾನಿಗೂ ಬರೆದುಕೊಟ್ಟರು. ಅದನ್ನು ಅಲ್ಲಿಯವರೆಗೆ ಯಾರೂ ಬರೆದಿರಲಿಲ್ಲ.

ಜೆಲ್ ಹಚ್ಚಿದ ಜಾಗ ಒಣಗುವವರೆಗೆ ಬೇರೆಯವರ ಮೈಗೆ ತಾಗಬಾರದು ಅಂತ ನನಗೆ ಹೇಳಿದ್ದರು. ಟ್ಯೂಬ್ ಬೇರೆಯವರ ಕೈಗೆ ಸಿಗಬಾರದು ಅಂತ ಹೇಳಿರಲಿಲ್ಲ. ಹೋದ ವಾರ ಸಂಜೆ ಮನೆಗೆ ಬಂದರೆ ಇವರು ಚಾವಡಿಯಲ್ಲಿ ಕೂತು ಮೊಣಕಾಲಿಗೆ ಏನೋ ತಿಕ್ಕಿಕೊಳ್ಳುತ್ತಿದ್ದಾರೆ. "ಈ ಹೊಸ ಮುಲಾಮು ಒಳ್ಳೆ ತಂಪು ಉಂಟು ಮಾರಾಯ್ತಿ" ಅಂದರು. "ಗಂಡಸರ ಪರೀಕ್ಷೆ 1973ಕ್ಕೇ ನಿಂತಿದೆ, ಏಳಿ" ಅಂತ ಸೋಪು ಕೊಟ್ಟು ಬಚ್ಚಲಿಗೆ ಕಳಿಸಿದೆ. ಈಗ ಟ್ಯೂಬ್ ನನ್ನ ಸೀರೆಯ ಕಪಾಟಿನಲ್ಲಿ ಉಂಟು.